ಹೆದ್ದಾರಿ ತಪ್ಪಿದ ಗೊಂಬೆ ಅಂಗಡಿಗೆ ಎಸ್‌ಇಒ ತಜ್ಞರು: ಎರಡು ಸೇವೆಗಳ ವಿಮರ್ಶೆ

ಚನ್ನಪಟ್ಟಣದ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ನಮ್ಮದೊಂದು ಮರದ ಗೊಂಬೆ ಅಂಗಡಿಯಿದೆ. ಅದರ ಹಿಂಬದಿಯಲ್ಲಿಯೇ ನಾಲ್ಕು ಲೇತ್‌ಗಳ ಸಣ್ಣ ಕಾರ್ಖಾನೆ. ಮಾವನವರೂ ನಮ್ಮ ಯಜಮಾನರೂ ಗೊಂಬೆ ಮಾಡುತ್ತಾರೆ. ಲೆಕ್ಕಪತ್ರ, ಪಾರ್ಸೆಲ್ ಮತ್ತು ವೆಬ್‌ಸೈಟ್ ನನ್ನ ಪಾಲಿಗೆ ಬಂದ ಕೆಲಸ. 2023ರ ಮಾರ್ಚ್ 12ರಂದು ದಶಪಥ ಹೆದ್ದಾರಿಯ ಉದ್ಘಾಟನೆಯಾಗುವ ಹೊತ್ತಿಗಾಗಲೇ ವಾಹನಗಳು ರಾಮನಗರ ಮತ್ತು ಚನ್ನಪಟ್ಟಣದ ಪೇಟೆಗಳನ್ನು ಮುಟ್ಟದೆ ಬೈಪಾಸ್‌ನಲ್ಲೇ ಸಾಗತೊಡಗಿದ್ದವು. ಅಲ್ಲಿಯವರೆಗೆ ನಮ್ಮ ವ್ಯಾಪಾರದ ಬಹುಪಾಲು ನಡೆಯುತ್ತಿದ್ದದ್ದು ಕಾಫಿಗೆಂದು ಕಾರು ನಿಲ್ಲಿಸಿ, ಮಕ್ಕಳ ಹಟಕ್ಕೆ ಮಣಿದು ಒಳಗೆ ಬರುತ್ತಿದ್ದವರಿಂದ. ನಾವು ಜಾಹೀರಾತು ಕೊಟ್ಟವರಲ್ಲ, ರಸ್ತೆಯೇ ನಮ್ಮ ಜಾಹೀರಾತಾಗಿತ್ತು. ಆ ರಸ್ತೆ ಪಕ್ಕಕ್ಕೆ ಸರಿದ ಮೇಲೆ ಭಾನುವಾರದ ಮಧ್ಯಾಹ್ನಗಳಲ್ಲಿಯೂ ಅಂಗಡಿಯಲ್ಲಿ ಲೇತ್‌ನ ಸದ್ದೊಂದೇ ಕೇಳುವಂತಾಯಿತು. ಬರುವವರು ಇನ್ನು ಮುಂದೆ ಹುಡುಕಿಕೊಂಡೇ ಬರಬೇಕು, ಹುಡುಕುವವರೆಲ್ಲ ಗೂಗಲ್‌ನಲ್ಲಿ ಹುಡುಕುತ್ತಾರೆ ಎಂಬಷ್ಟು ಮಾತ್ರ ನಮಗೆ ಅರ್ಥವಾಗಿತ್ತು.

ಆ ತಿಳಿವಳಿಕೆಯೊಂದನ್ನೇ ನೆಚ್ಚಿಕೊಂಡು ಗೂಗಲ್ ಹುಡುಕಾಟದಲ್ಲಿ ವೆಬ್‌ಸೈಟ್ ಮೇಲೆ ಕಾಣುವಂತೆ ಮಾಡುವ ಎಸ್‌ಇಒ ಕೆಲಸಕ್ಕೆ ಎರಡು ವರ್ಷಗಳಲ್ಲಿ ಇಬ್ಬರನ್ನು ನೇಮಿಸಿಕೊಂಡೆವು: ಮೊದಲು ಬೆಂಗಳೂರಿನ ಒಂದು ಏಜೆನ್ಸಿಯನ್ನು, ಅದರಿಂದ ಬಿಡಿಸಿಕೊಂಡ ಮೇಲೆ ಮೈಸೂರಿನಲ್ಲಿ ಒಬ್ಬರೇ ಕೆಲಸ ಮಾಡುವ ತಜ್ಞರನ್ನು. ಇಬ್ಬರ ಕೆಲಸವನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಏಜೆನ್ಸಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಅದೇ ಬಗೆಯ ಕೆಲಸ ಮಾಡುವವರು ಎಷ್ಟೋ ಮಂದಿ ಇರುವುದರಿಂದ ಒಬ್ಬರ ಹೆಸರು ತಿಳಿದು ಓದುಗರಿಗೆ ಲಾಭವಿಲ್ಲ. ಮೈಸೂರಿನವರ ಹೆಸರನ್ನು ಅವರ ಕೋರಿಕೆಯ ಮೇರೆಗೆ ಬರೆದಿಲ್ಲ. ಒಂದು ಸಮಯಕ್ಕೆ ಆರೇಳು ಗಿರಾಕಿಗಳಿಗಿಂತ ಹೆಚ್ಚು ಜನರನ್ನು ಅವರು ಒಪ್ಪಿಕೊಳ್ಳುವುದಿಲ್ಲ.

ಏಜೆನ್ಸಿ ನಮಗೆ ಸಿಕ್ಕಿದ್ದಲ್ಲ, ನಾವೇ ಅವರಿಗೆ ಸಿಕ್ಕಿದ್ದು. 2023ರ ಮೇ ತಿಂಗಳಲ್ಲಿ ಒಂದು ಇಮೇಲ್ ಬಂತು. ನಿಮ್ಮ ವೆಬ್‌ಸೈಟ್‌ನಲ್ಲಿ ಅನೇಕ ದೋಷಗಳಿವೆ, ಉಚಿತವಾಗಿ ಪರೀಕ್ಷಿಸಿ ಕೊಡುತ್ತೇವೆ ಎಂಬುದು ಅದರ ಒಕ್ಕಣೆ. ಮರುದಿನವೇ ಫೋನು. ಮಾತನಾಡಿದ ಹುಡುಗಿ ಬಹಳ ವಿನಯದಿಂದ, ಇಪ್ಪತ್ತು ಕೀವರ್ಡ್‌ಗಳಿಗೆ, ಅಂದರೆ ಜನ ಹುಡುಕಲು ಬರೆಯುವ ಪದಗಳಿಗೆ, ತೊಂಬತ್ತು ದಿನಗಳಲ್ಲಿ ಗೂಗಲ್‌ನ ಮೊದಲ ಪುಟ ಗ್ಯಾರಂಟಿ ಎಂದಳು. ತಿಂಗಳಿಗೆ 12,000 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ 14,160. ಒಪ್ಪಂದ ಹನ್ನೆರಡು ತಿಂಗಳಿಗೆ. ಮೊದಲ ಸ್ಥಾನವನ್ನು ಯಾರೂ ಖಾತ್ರಿಪಡಿಸಲಾರರು ಎಂದೂ, ಕೇಳದೆಯೇ ಇಮೇಲ್ ಕಳುಹಿಸುವ ಎಸ್‌ಇಒ ಕಂಪನಿಗಳ ಬಗ್ಗೆ ಎಚ್ಚರದಿಂದಿರಬೇಕೆಂದೂ ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದೆ. ಆ ಪುಟವನ್ನು ನಾನು ಓದಿದ್ದು ಹಣವೆಲ್ಲ ಖರ್ಚಾದ ಮೇಲೆ.

ಪ್ರತಿ ತಿಂಗಳ ಐದನೆಯ ತಾರೀಖಿಗೆ ತಪ್ಪದೆ ರಿಪೋರ್ಟ್ ಬರುತ್ತಿತ್ತು. ಹಸಿರು ಬಾಣಗಳು, ಏರುವ ಗೆರೆಗಳು, ಇಪ್ಪತ್ತರಲ್ಲಿ ಹದಿನಾರು ಕೀವರ್ಡ್‌ಗಳು ಮೊದಲ ಪುಟದಲ್ಲಿ. ಫೋನು ಮಾತ್ರ ಬಡಿಯುತ್ತಿರಲಿಲ್ಲ. ಐದನೆಯ ತಿಂಗಳಿನಲ್ಲಿ ಒಂದು ರಾತ್ರಿ ಕುಳಿತು ಆ ಹದಿನಾರು ಕೀವರ್ಡ್‌ಗಳನ್ನು ಒಂದೊಂದಾಗಿ ಓದಿದಾಗ ಒಗಟು ಬಿಡಿಸಿದಂತಾಯಿತು. ಮೂರು ನಮ್ಮ ಅಂಗಡಿಯ ಹೆಸರೇ ಆಗಿದ್ದವು. ನಮ್ಮ ಹೆಸರು ಬರೆದು ಹುಡುಕಿದರೆ ನಾವು ಮೊದಲು ಕಾಣಿಸಿಕೊಳ್ಳುವುದಕ್ಕೆ ಯಾರಿಗೂ ಹಣ ಕೊಡಬೇಕಾಗಿರಲಿಲ್ಲ. ಉಳಿದವು ‘ಅರಗು ಹಾಕಿದ ಮರದ ಆಟಿಕೆ ತಯಾರಕರು ರಾಮನಗರ ಜಿಲ್ಲೆ’ ಎಂಬಂಥ ಉದ್ದನೆಯ ಪದಮಾಲೆಗಳು. ಈ ಲೋಕದಲ್ಲಿ ಅದನ್ನು ಟೈಪ್ ಮಾಡಿ ಹುಡುಕಿದವರು ಬಹುಶಃ ಇಬ್ಬರೇ, ಏಜೆನ್ಸಿಯವರು ಮತ್ತು ನಾನು. ಯಾರೂ ಓಡದ ಓಟದಲ್ಲಿ ನಮಗೆ ಮೊದಲ ಬಹುಮಾನ ಬಂದಿತ್ತು.

ಅದೇ ರಿಪೋರ್ಟ್‌ನಲ್ಲಿ ‘ಮೆಟಾ ಕೀವರ್ಡ್ಸ್ ಸುಧಾರಣೆ’ ಎಂಬ ಸಾಲು ತಿಂಗಳಿಗೊಮ್ಮೆ ತಪ್ಪದೆ ಇರುತ್ತಿತ್ತು. ಪುಟದ ಹಿಂದೆ ಓದುಗರಿಗೆ ಕಾಣದಂತೆ ತುಂಬಿಡುವ ಆ ಪದಗಳನ್ನು ಸ್ಥಾನ ನಿರ್ಧರಿಸಲು ತಾನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಪ್ರಕಟಿಸಿದೆ. ಹದಿನಾಲ್ಕು ವರ್ಷಗಳ ಹಿಂದೆ ಬಾಗಿಲು ಮುಚ್ಚಿದ ಕಚೇರಿಗೆ ಪ್ರತಿ ತಿಂಗಳೂ ನಮ್ಮ ಹೆಸರಿನಲ್ಲಿ ಅರ್ಜಿ ಹಾಕಿ ಶುಲ್ಕ ವಸೂಲು ಮಾಡಿದಂತಾಯಿತು ಇದು.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯಿತೆಂದು ಸುಮ್ಮನಾಗಬಹುದಿತ್ತು. ಆದರೆ ಅವರು ನಮ್ಮ ವೆಬ್‌ಸೈಟ್‌ಗೆ ನಮಗೆ ತಿಳಿಸದೆ ನೂರ ನಲವತ್ತು ಪುಟಗಳನ್ನು ಸೇರಿಸಿದ್ದರು. ವೈಟ್‌ಫೀಲ್ಡ್‌ನಲ್ಲಿ ಅತ್ಯುತ್ತಮ ಮರದ ಆಟಿಕೆ, ಇಂದೋರ್‌ನಲ್ಲಿ ಅತ್ಯುತ್ತಮ ಮರದ ಆಟಿಕೆ, ನಾಗಪುರದಲ್ಲಿ, ಸೂರತ್‌ನಲ್ಲಿ: ಊರಿನ ಹೆಸರೊಂದನ್ನು ಬಿಟ್ಟರೆ ಉಳಿದ ಬರಹವೆಲ್ಲ ಒಂದೇ. ಆ ಬರಹದಲ್ಲಿ ನಮ್ಮ ಗೊಂಬೆಗಳನ್ನು ‘ಉತ್ಕೃಷ್ಟ ತೇಗದ ಮರದಿಂದ’ ಮಾಡುತ್ತೇವೆ ಎಂದಿತ್ತು. ಚನ್ನಪಟ್ಟಣದ ಗೊಂಬೆಯೆಂದರೆ ಆಲೆ ಮರ. ಬೆಳ್ಳಗೆ, ಮೆತ್ತಗೆ, ಲೇತ್‌ಗೆ ಕೊಟ್ಟರೆ ಸಿಪ್ಪೆ ಎಳೆಯಂತೆ ಬಿಚ್ಚಿಕೊಳ್ಳುವ ಆ ಮರವಿಲ್ಲದಿದ್ದರೆ ಈ ಊರಿನಲ್ಲಿ ಈ ಕಸುಬೇ ಇರುತ್ತಿರಲಿಲ್ಲ. ಮಾವನವರಿಗೆ ಇದನ್ನು ಓದಿ ಹೇಳಿದಾಗ ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, ‘ಹತ್ತು ತಿಂಗಳು ದುಡ್ಡು ಈಸ್ಕಂಡೋರು ಒಂದು ದಿವಸ ಬಂದು ಇದು ಯಾವ ಮರ ಅಂತ ಕೇಳ್ಲಿಲ್ವಲ್ಲಮ್ಮ’ ಎಂದರು. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾಗಿರುವುದರ ತಿರುಳು ಆ ಮಾತಿನಲ್ಲೇ ಇದೆ, ಉಳಿದದ್ದು ವಿವರ.

ವಿವರಗಳಲ್ಲಿ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾಗದು. ಒಂದು ವಾರದಲ್ಲಿ ನಮ್ಮ ಗೂಗಲ್ ಮ್ಯಾಪ್ ಪುಟಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಂಚತಾರಾ ರಿವ್ಯೂಗಳು ಬಂದವು. ಬರೆದವರಲ್ಲಿ ಒಬ್ಬರೂ ನಮ್ಮ ಅಂಗಡಿಗೆ ಬಂದವರಲ್ಲ. ಒಬ್ಬರಂತೂ ರೂಮುಗಳು ಸ್ವಚ್ಛವಾಗಿದ್ದವು ಎಂದು ಹೊಗಳಿದ್ದರು. ನಮಗೆ ಇರುವುದು ಒಂದೇ ರೂಮು, ಅದರಲ್ಲಿ ಮರದ ದಿಮ್ಮಿಗಳಿವೆ. ನಕ್ಕು ಸುಮ್ಮನಾದೆ, ಆಗಬಾರದಿತ್ತು. ಕಲ್ಪಿತ ರಿವ್ಯೂಗಳು ಗೂಗಲ್‌ನ ನಿಯಮಕ್ಕೆ ವಿರುದ್ಧವೆಂಬುದು ಒಂದು ಮಾತಾದರೆ, ಪರಿಚಯದ ಗಿರಾಕಿಯೊಬ್ಬರು ಫೋನು ಮಾಡಿ, ‘ಇದೇನ್ರೀ ಇದು, ನಿಮ್ಮಂಥೋರು ಹೀಗೆ ಮಾಡ್ತೀರಾ’ ಎಂದು ಕೇಳಿದಾಗ ಆದ ಸಂಕೋಚ ಇನ್ನೊಂದು ಮಾತು.

2024ರ ಮಾರ್ಚ್ ಮೊದಲ ವಾರದಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಯನ್ನು ಬಿಗಿ ಮಾಡಿತು. ಯಂತ್ರ ಬರೆದಿರಲಿ, ಮನುಷ್ಯರು ಬರೆದಿರಲಿ, ಹುಡುಕಾಟದಲ್ಲಿ ಸ್ಥಾನ ಗಿಟ್ಟಿಸುವ ಮುಖ್ಯ ಉದ್ದೇಶದಿಂದ ರಾಶಿರಾಶಿಯಾಗಿ ತಯಾರಿಸಿದ ಪುಟಗಳ ಮೇಲೆ ಕ್ರಮ ಜರುಗಿಸುವುದಾಗಿ ಹೇಳಿತು; ಅದರ ಜೊತೆಗೇ ಆರಂಭವಾದ ದೊಡ್ಡ ಬದಲಾವಣೆ ಜಾರಿಯಾಗಿ ಮುಗಿಯಲು ಏಪ್ರಿಲ್‌ವರೆಗೆ ಸಮಯ ಹಿಡಿಯಿತು. ಆ ಎರಡು ತಿಂಗಳಲ್ಲಿ ನಮ್ಮ ನೂರ ನಲವತ್ತು ಪುಟಗಳ ಜೊತೆ ಮೊದಲಿನಿಂದ ಇದ್ದ ಒಳ್ಳೆಯ ಪುಟಗಳೂ ಹುಡುಕಾಟದಿಂದ ಬಹುತೇಕ ಮರೆಯಾದವು. ಹನ್ನೊಂದನೆಯ ತಿಂಗಳಿನ ಬಿಲ್ಲು ಕಟ್ಟಿ, ಹನ್ನೆರಡನೆಯದನ್ನು ಕಟ್ಟುವುದಿಲ್ಲವೆಂದು ಬರೆದು ಕಳುಹಿಸಿದೆವು. ಒಟ್ಟು ಖರ್ಚು 1,55,760 ರೂಪಾಯಿ.

ಬಿಡಿಸಿಕೊಳ್ಳುವುದು ಹಣ ಕಟ್ಟಿದಷ್ಟು ಸುಲಭವಾಗಿರಲಿಲ್ಲ. ವೆಬ್‌ಸೈಟ್‌ನ ವಿಳಾಸವಾದ ಡೊಮೈನ್ ಅದೃಷ್ಟವಶಾತ್ ನನ್ನ ಹೆಸರಿನಲ್ಲಿಯೇ ಇತ್ತು. ಆದರೆ ಮ್ಯಾಪ್‌ನಲ್ಲಿರುವ ಅಂಗಡಿಯ ಪ್ರೊಫೈಲ್‌ಗೆ ಮುಖ್ಯ ಮಾಲೀಕರೆಂದು ಏಜೆನ್ಸಿಯ ಇಮೇಲ್ ಇತ್ತು. ಭೇಟಿ ಕೊಟ್ಟವರ ಲೆಕ್ಕವಿಡುವ ಅನಲಿಟಿಕ್ಸ್ ಖಾತೆಯನ್ನೂ ಅವರು ತಮ್ಮ ಹೆಸರಿನಲ್ಲಿಯೇ ತೆರೆದಿದ್ದರು. ಅಜ್ಜನ ಕಾಲದಿಂದ ನಡೆಸುತ್ತಿರುವ ಅಂಗಡಿಗೆ ಮ್ಯಾಪ್‌ನಲ್ಲಿ ಬೇರೊಬ್ಬರು ಮಾಲೀಕರು. ಒಪ್ಪಂದ ಮುಗಿಸಿದ ಮೇಲೆ ಹಸ್ತಾಂತರಿಸುತ್ತೇವೆ ಎಂದು ಐದು ವಾರ ಅಲೆದಾಡಿಸಿದರು. ಪ್ರೊಫೈಲ್ ಕೊನೆಗೆ ಸಿಕ್ಕಿತು, ಅನಲಿಟಿಕ್ಸ್‌ನ ಹನ್ನೊಂದು ತಿಂಗಳ ಲೆಕ್ಕ ಸಿಗಲೇ ಇಲ್ಲ.

ಮೈಸೂರಿನ ತಜ್ಞರ ಪರಿಚಯ ಮಾಡಿಸಿದವರು ಕೊಡಗಿನಲ್ಲಿ ಹೋಂಸ್ಟೇ ನಡೆಸುವ ನಮ್ಮ ಬಂಧುಗಳು. 2024ರ ಜುಲೈನಲ್ಲಿ ಫೋನು ಮಾಡಿದಾಗ ಅವರು ಮೊದಲು ಹೇಳಿದ್ದೇ ನಿರಾಸೆಯ ಮಾತು. ‘ಮೇಡಂ, ಮೊದಲ ಎರಡು ಮೂರು ತಿಂಗಳು ನಿಮಗೆ ಏನೂ ಕಾಣುವುದಿಲ್ಲ. ನಾಲ್ಕು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ ಎಂದು ಗೂಗಲ್‌ನವರೇ ಹೇಳುತ್ತಾರೆ, ನಾನು ಅವರಿಗಿಂತ ಬೇಗ ಮಾಡಲಾರೆ’ ಎಂದರು. ಗ್ಯಾರಂಟಿ ಕೇಳಿದ್ದಕ್ಕೆ, ಕೆಲಸದ ಪಟ್ಟಿಗೆ ಗ್ಯಾರಂಟಿ ಕೊಡುತ್ತೇನೆ, ಸ್ಥಾನಕ್ಕೆ ಕೊಡುವುದಿಲ್ಲ ಎಂಬ ಉತ್ತರ ಬಂತು. ಶುಲ್ಕ: ವೆಬ್‌ಸೈಟ್‌ನ ಪೂರ್ಣ ಪರೀಕ್ಷೆಗೆ ಒಮ್ಮೆ 25,000, ಅನಂತರ ಆರು ತಿಂಗಳ ಕಾಲ ತಿಂಗಳಿಗೆ 18,000, ಒಟ್ಟು 1,33,000 ರೂಪಾಯಿ. ಅವರ ವಾರ್ಷಿಕ ವಹಿವಾಟು ಸೇವೆಗಳಿಗಿರುವ 20 ಲಕ್ಷದ ಮಿತಿಯೊಳಗೇ ಇದ್ದುದರಿಂದ ಜಿಎಸ್‌ಟಿ ಇಲ್ಲ. ನಮಗೆ ಇದರಿಂದ ತೆರಿಗೆಯ ಹೊರೆಯೂ ಇಲ್ಲ, ಕೊಟ್ಟ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ಟೂ ಇಲ್ಲ. ಏಜೆನ್ಸಿಗಿಂತ ತಿಂಗಳ ದರ ಹೆಚ್ಚೆಂದು ಯಜಮಾನರು ಹಿಂಜರಿದರು. ಆರು ತಿಂಗಳಿಗೆ ಮುಗಿಯುವ ಕೆಲಸವೆಂಬುದೇ ನನ್ನನ್ನು ಒಪ್ಪಿಸಿತು.

ಅವರು ಯಾವ ಪಾಸ್‌ವರ್ಡನ್ನೂ ಕೇಳಲಿಲ್ಲ. ಸರ್ಚ್ ಕನ್ಸೋಲ್, ಅನಲಿಟಿಕ್ಸ್ ಮತ್ತು ಮ್ಯಾಪ್ ಪ್ರೊಫೈಲ್‌ಗಳನ್ನು ನನ್ನ ಇಮೇಲ್‌ನಲ್ಲಿ ನನ್ನ ಕೈಯಿಂದಲೇ ತೆರೆಸಿ ಸರಿಪಡಿಸಿದರು. ತಮ್ಮನ್ನು ಬಳಕೆದಾರರಾಗಿ ಮಾತ್ರ ಸೇರಿಸಿಕೊಳ್ಳಲು ಹೇಳಿ, ಬೇಡವಾದ ದಿನ ತೆಗೆದುಹಾಕುವುದು ಹೇಗೆಂದು ಆ ದಿನವೇ ತೋರಿಸಿಕೊಟ್ಟರು. ಸರ್ಚ್ ಕನ್ಸೋಲ್ ಗೂಗಲ್ ಉಚಿತವಾಗಿ ಕೊಡುವ ಸಾಧನ. ಜನ ಯಾವ ಪದಗಳನ್ನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಅದನ್ನು ಒತ್ತಿದರು ಎಂಬ ಲೆಕ್ಕ ಅದರಲ್ಲಿರುತ್ತದೆ. ಏಜೆನ್ಸಿಯವರ ಬಣ್ಣದ ರಿಪೋರ್ಟ್‌ಗಳ ಹನ್ನೊಂದು ತಿಂಗಳಲ್ಲಿ ಇಂಥದ್ದೊಂದು ಇದೆಯೆಂದೇ ನನಗೆ ತಿಳಿದಿರಲಿಲ್ಲ.

ಅನಂತರ ಅವರು ಕಂಪ್ಯೂಟರ್ ಮುಚ್ಚಿಟ್ಟು ಎರಡು ದಿನ ನಮ್ಮ ಅಂಗಡಿಯಲ್ಲಿ ಕುಳಿತರು. ಬಂದವರು ಏನು ಕೇಳುತ್ತಾರೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ನನ್ನ ವಾಟ್ಸ್‌ಆ್ಯಪ್‌ನಲ್ಲಿ ಹಿಂದಿನ ಒಂದು ವರ್ಷ ಗಿರಾಕಿಗಳು ಕಳುಹಿಸಿದ್ದ ಪ್ರಶ್ನೆಗಳನ್ನು ನನ್ನಿಂದ ಓದಿಸಿಕೊಂಡರು. ಮಗು ಬಾಯಿಗೆ ಹಾಕಿಕೊಂಡರೆ ಬಣ್ಣ ಹೋಗುತ್ತದೆಯೇ? ಒಂಬತ್ತು ತಿಂಗಳಿನ ಮಗುವಿಗೆ ಯಾವುದು ಕೊಡಬಹುದು? ನಾಮಕರಣಕ್ಕೆ ಬಂದವರಿಗೆ ಕೊಡಲು ನೂರು ಗಿಲಕಿ ಎಷ್ಟು ದಿನದಲ್ಲಿ ಆಗುತ್ತದೆ? ಐಎಸ್‌ಐ ಗುರುತಿದೆಯೇ? ಬೈಪಾಸ್‌ನಿಂದ ಎಲ್ಲಿ ಇಳಿಯಬೇಕು? ಇವುಗಳಲ್ಲಿ ಒಂದಕ್ಕೂ ನಮ್ಮ ವೆಬ್‌ಸೈಟ್‌ನಲ್ಲಿ ಉತ್ತರವಿರಲಿಲ್ಲ. ಅಲ್ಲಿ ಇದ್ದದ್ದು ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ವಾಕ್ಯ ಮತ್ತು ಕಾರ್ಖಾನೆಯೊಳಗೆ ನಾವು ಬಳಸುವ ‘ಕೆ-14’, ‘ಕೆ-22’ ಎಂಬಂಥ ಕೋಡ್ ಹೆಸರುಗಳು. ಕೆ-14 ಎಂದರೆ ಚಕ್ರವಿರುವ ಆನೆ ಎಂದು ನಮ್ಮ ಮನೆಯವರಿಗೆ ಬಿಟ್ಟು ಯಾರಿಗೆ ಗೊತ್ತಾಗಬೇಕು.

ಮುಂದಿನ ಆರು ತಿಂಗಳ ಕೆಲಸ ಹೆಚ್ಚುಕಡಿಮೆ ಆ ನೋಟ್‌ಬುಕ್ಕಿನಿಂದಲೇ ಹುಟ್ಟಿತು. ನೂರ ನಲವತ್ತು ಊರುಗಳ ಪುಟಗಳನ್ನು ಒಂದೇ ದಿನದಲ್ಲಿ ತೆಗೆಸಿದರು. ಹಳೆಯ ಏಜೆನ್ಸಿ ಜೂಜಿನ ತಾಣಗಳಿಂದಲೂ ಸಾಲ ಕೊಡುವ ತಾಣಗಳಿಂದಲೂ ಕೊಡಿಸಿದ್ದ ಬ್ಯಾಕ್‌ಲಿಂಕ್‌ಗಳ, ಅಂದರೆ ನಮ್ಮ ವೆಬ್‌ಸೈಟ್‌ಗೆ ಕರೆತರುವ ಕೊಂಡಿಗಳ, ಬಗ್ಗೆ ನನಗೆ ಭಯವಿತ್ತು; ಸರ್ಚ್ ಕನ್ಸೋಲ್‌ನಲ್ಲಿ ದಂಡನೆಯ ನೋಟಿಸ್ ಇಲ್ಲ, ಇಂಥ ಕಸವನ್ನು ಗೂಗಲ್ ಬಹುತೇಕ ತಾನಾಗಿಯೇ ಕಡೆಗಣಿಸುತ್ತದೆ, ಅದನ್ನು ಗುಡಿಸಲು ನಿಮ್ಮಿಂದ ಹಣ ತೆಗೆದುಕೊಳ್ಳುವುದು ಸರಿಯಲ್ಲ ಎಂದು ಅದನ್ನು ಹಾಗೆಯೇ ಬಿಟ್ಟರು. ಮಾಡದ ಕೆಲಸಕ್ಕೆ ಬಿಲ್ಲು ಹಾಕುವವರನ್ನು ಕಂಡಿದ್ದ ನಮಗೆ, ಮಾಡಬೇಕಾಗಿಲ್ಲದ ಕೆಲಸವನ್ನು ಬೇಡವೆಂದು ಬಿಡುವವರು ಹೊಸಬರು. ಫೋಟೊಗಳು ಒಂದೊಂದೂ ನಾಲ್ಕೈದು ಎಂಬಿ ತೂಗುತ್ತಿದ್ದವು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ತೆರೆದುಕೊಳ್ಳಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ನಮ್ಮದು ಸಾಧಾರಣ ಫೋನಿನಲ್ಲಿ ಹತ್ತು ಸೆಕೆಂಡಿಗೂ ಪೂರ್ತಿ ಕಾಣುತ್ತಿರಲಿಲ್ಲ. ಅದನ್ನು ಸರಿಪಡಿಸಲು ಒಂದು ವಾರ ಹಿಡಿಯಿತು.

ಬರವಣಿಗೆಯ ಕೆಲಸದಲ್ಲಿ ಅವರ ನಿಜವಾದ ಬೆಲೆ ಕಂಡಿತು. ‘ಬಣ್ಣ ಹೋಗುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರ ಬರೆಯಲು ಮಾವನವರನ್ನು ಲೇತ್ ಮುಂದೆ ಕೂರಿಸಿ ಒಂದು ಗಂಟೆ ಪ್ರಶ್ನೆ ಕೇಳಿದರು. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಇದು ಕುಂಚದಿಂದ ಬಳಿಯುವ ಬಣ್ಣವಲ್ಲ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ. ಈ ಕಸುಬು ನಮಗೆ ಉಸಿರಾಟದಷ್ಟು ರೂಢಿಯಾಗಿದ್ದುದರಿಂದ ಇದನ್ನು ಯಾರಿಗಾದರೂ ಹೇಳಬೇಕೆಂದು ಹೊಳೆದಿರಲೇ ಇಲ್ಲ. ಆ ಒಂದು ಪುಟ ಇವತ್ತಿಗೂ ನಮ್ಮ ವೆಬ್‌ಸೈಟ್‌ನಲ್ಲಿ ಹೆಚ್ಚು ಜನ ಓದುವ ಪುಟ.

ಐಎಸ್‌ಐ ಪ್ರಶ್ನೆಯದು ಇನ್ನೂ ಸೂಕ್ಷ್ಮ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಬೇಕು. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಮಾವನವರ ಬಳಿ ಆ ಕಚೇರಿ ಕೊಟ್ಟ ಪೆಹಚಾನ್ ಕಾರ್ಡ್ ಎಂಬ ಗುರುತಿನ ಚೀಟಿ ಇದೆ, ಬೀರುವಿನಲ್ಲಿ ಪಡಿತರ ಚೀಟಿಯ ಜೊತೆ ಮಲಗಿತ್ತು. ಶಾಲೆಗಳೂ ಕಂಪನಿಗಳೂ ಸಗಟು ಆರ್ಡರ್ ಕೊಡುವ ಮುನ್ನ ಮೊದಲು ಕೇಳುವುದೇ ಇದನ್ನು. ಈ ವಿಷಯವನ್ನು ನೇರವಾಗಿ, ಉತ್ಪ್ರೇಕ್ಷೆಯಿಲ್ಲದೆ ಒಂದು ಪುಟದಲ್ಲಿ ಬರೆದದ್ದರಿಂದ ಹೈದರಾಬಾದಿನ ಒಂದು ಮಾಂಟೆಸ್ಸರಿ ಶಾಲೆಯ ಆರ್ಡರ್ ಬಂತು. ಅವರು ಹುಡುಕಿದ್ದು ಚನ್ನಪಟ್ಟಣವನ್ನಲ್ಲ, ಐಎಸ್‌ಐ ವಿನಾಯಿತಿಯಿರುವ ಮರದ ಆಟಿಕೆಯನ್ನು.

ಇನ್ನು ಮ್ಯಾಪ್. ನಮ್ಮ ಅಂಗಡಿಯ ಪಿನ್ ಏಜೆನ್ಸಿಯವರ ಕೃಪೆಯಿಂದ ಸುಮಾರು ಒಂದು ಕಿಲೋಮೀಟರ್ ಆಚೆ, ಬೈಪಾಸ್‌ನ ಬದಿಗೆ ಹೋಗಿ ಕುಳಿತಿತ್ತು. ನಂಬಿ ಬಂದವರು ಹೆದ್ದಾರಿಯ ಮೇಲೆಯೇ ‘ನೀವು ತಲುಪಿದ್ದೀರಿ’ ಎಂಬ ಮಾತು ಕೇಳಿ, ಇಳಿಯಲು ದಾರಿಯಿಲ್ಲದೆ ಮದ್ದೂರಿನ ಕಡೆಗೆ ಹೋಗಿಬಿಡುತ್ತಿದ್ದರಂತೆ. ಹಾಗೆ ಹೋದವರಲ್ಲಿ ಇಬ್ಬರು ಫೋನಿನಲ್ಲಿ ನನಗೇ ಬೈದಿದ್ದರು, ಕಾರಣ ಆಗ ತಿಳಿದಿರಲಿಲ್ಲ. ಪಿನ್ ಸರಿಪಡಿಸಿದ್ದರ ಜೊತೆಗೆ, ಬೆಂಗಳೂರಿನ ಕಡೆಯಿಂದ ಬರುವವರು ಎಲ್ಲಿ ಹಳೆಯ ರಸ್ತೆಗೆ ಇಳಿಯಬೇಕು, ಮೈಸೂರಿನ ಕಡೆಯಿಂದ ಬರುವವರು ಎಲ್ಲಿ ಎಂದು ತಿರುವುಗಳ ಫೋಟೊ ಸಹಿತ ಒಂದು ಪುಟ ಮಾಡಿಸಿದರು. ಕೀವರ್ಡ್, ಬ್ಯಾಕ್‌ಲಿಂಕ್ ಎಂಬ ದೊಡ್ಡ ಮಾತುಗಳ ನಡುವೆ ನಮಗೆ ಎಲ್ಲಕ್ಕಿಂತ ಹೆಚ್ಚು ಗಿರಾಕಿಗಳನ್ನು ತಂದುಕೊಟ್ಟದ್ದು ಈ ದಾರಿ ಹೇಳುವ ಪುಟ. ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ನೋಡುವುದು ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರವಿದೆ, ಎಷ್ಟು ಹೆಸರಾಗಿದೆ ಎಂಬ ಮೂರನ್ನು. ಹಣ ಕೊಟ್ಟು ಮೇಲೇರುವ ವ್ಯವಸ್ಥೆ ಅಲ್ಲಿಲ್ಲ. ಸಣ್ಣ ಅಂಗಡಿಗೆ ಇದು ದೊಡ್ಡ ಅನುಕೂಲ.

ಫಲ ಎಷ್ಟೆಂದು ಕೇಳುವವರಿಗೆ ನನ್ನ ಲೆಕ್ಕದ ಪುಸ್ತಕದಿಂದ ಹೇಳುತ್ತೇನೆ. 2024ರ ಜುಲೈನಲ್ಲಿ ಮ್ಯಾಪ್ ನೋಡಿ ಫೋನು ಮಾಡಿದವರು ಮೂವತ್ತೊಂದು ಮಂದಿ. 2025ರ ಜನವರಿಯಲ್ಲಿ ಎಂಬತ್ತೆಂಟು. ಸಗಟು ವಿಚಾರಣೆ ತಿಂಗಳಿಗೆ ಒಂದೆರಡರಿಂದ ಒಂಬತ್ತು ಹತ್ತಕ್ಕೆ ಬಂದಿತು, ಅದರಲ್ಲಿ ಮೂರನೆಯ ಒಂದು ಭಾಗ ಆರ್ಡರ್ ಆಗುತ್ತದೆ. ದಸರೆಗೆ ಮುಂಚೆ ಅಮೆರಿಕದ ಒಂದು ಕನ್ನಡ ಕೂಟದವರು ಗೊಂಬೆ ಹಬ್ಬಕ್ಕೆಂದು ರಾಜ–ರಾಣಿ ಜೋಡಿಗಳನ್ನೂ ಬುಗುರಿಗಳನ್ನೂ ತರಿಸಿಕೊಂಡರು. ಹೆದ್ದಾರಿಯ ಕಾಲದ ವ್ಯಾಪಾರ ಮರಳಿ ಬಂದಿಲ್ಲ, ಅದರ ಮುಕ್ಕಾಲು ಪಾಲಿಗೆ ಬಂದು ನಿಂತಿದ್ದೇವೆ. ‘ಚನ್ನಪಟ್ಟಣ ಗೊಂಬೆ’ ಎಂದಷ್ಟೇ ಹುಡುಕಿದರೆ ನಾವು ಇವತ್ತಿಗೂ ಎರಡನೆಯ ಪುಟದಲ್ಲಿದ್ದೇವೆ. ಮುಂದಿರುವವರು ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು, ವಿಕಿಪೀಡಿಯ, ಪತ್ರಿಕೆಗಳು. ಅವರೊಂದಿಗೆ ಜಗ್ಗಾಡುವುದರಲ್ಲಿ ನಿಮ್ಮ ಹಣ ಕರಗಿಸುವುದಿಲ್ಲವೆಂದು ತಜ್ಞರು ಮೊದಲ ದಿನವೇ ಹೇಳಿದ್ದರು.

ದೂರುಗಳೂ ಇವೆ. ಒಬ್ಬರೇ ಕೆಲಸ ಮಾಡುವವರಾದ್ದರಿಂದ ಬೇರೆ ಗಿರಾಕಿಯ ವೆಬ್‌ಸೈಟ್ ಕೆಟ್ಟು ನಿಂತಾಗ ನಮಗೆ ಎಂಟು ಹತ್ತು ದಿನ ಉತ್ತರವಿರುವುದಿಲ್ಲ. ನವೆಂಬರಿನಲ್ಲಿ ಹೀಗಾಗಿ ಕ್ರಿಸ್‌ಮಸ್ ಉಡುಗೊರೆಗಳ ಪುಟ ಹದಿನೈದು ದಿನ ತಡವಾಯಿತು, ಆ ಹಂಗಾಮನ್ನು ಅರ್ಧ ಕಳೆದುಕೊಂಡೆವು. ಒಮ್ಮೆ ಅವರು ಕಳುಹಿಸಿದ ಕರಡಿನಲ್ಲಿ ಗೊಂಬೆಗಳನ್ನು ಬಣ್ಣದಲ್ಲಿ ಅದ್ದಿ ತೆಗೆಯುತ್ತೇವೆ ಎಂಬ ವಾಕ್ಯವಿತ್ತು. ಮಾವನವರ ಮುಂದೆ ಒಂದು ಗಂಟೆ ಕುಳಿತ ಮನುಷ್ಯ ಹೀಗೆ ಬರೆಯಲು ಸಾಧ್ಯವಿಲ್ಲವೆಂದು ಒತ್ತಿ ಕೇಳಿದಾಗ, ಸಮಯವಿಲ್ಲದೆ ಎಐನಿಂದ ಬರೆಸಿದೆನೆಂದು ಒಪ್ಪಿಕೊಂಡರು. ಆ ತಿಂಗಳ ಶುಲ್ಕದಲ್ಲಿ ತಾವಾಗಿಯೇ ಮೂರು ಸಾವಿರ ಕಡಿತ ಮಾಡಿದರು ಎಂಬುದನ್ನೂ ಹೇಳಬೇಕು.

ಕನ್ನಡದ ವಿಷಯದಲ್ಲಿ ಅವರೊಂದಿಗೆ ನನಗೆ ನಿಜವಾದ ಭಿನ್ನಾಭಿಪ್ರಾಯವಾಯಿತು. ಕನ್ನಡದಲ್ಲಿ ಹುಡುಕುವವರು ಕಡಿಮೆ, ಹುಡುಕುವವರು ಕೊಳ್ಳುವುದು ಇನ್ನೂ ಕಡಿಮೆ ಎಂದು ಅವರು ನಾಲ್ಕು ತಿಂಗಳು ತಳ್ಳಿಹಾಕಿದರು. ಕೊನೆಗೆ ನಾನೇ ಮೂರು ಪುಟಗಳನ್ನು ಕನ್ನಡದಲ್ಲಿ ಬರೆದು ಹಾಕಿಸಿದೆ. ಎರಡು ತಿಂಗಳಲ್ಲಿ ಸರ್ಚ್ ಕನ್ಸೋಲ್‌ನಲ್ಲಿ ‘ಮಕ್ಕಳಿಗೆ ಮರದ ಗಿಲಕಿ’, ‘ತೊಟ್ಟಿಲಿಗೆ ಕಟ್ಟುವ ಗೊಂಬೆ’, ‘ಚನ್ನಪಟ್ಟಣದಲ್ಲಿ ಗೊಂಬೆ ಎಲ್ಲಿ ಸಿಗುತ್ತದೆ’ ಎಂಬ ಹುಡುಕಾಟಗಳು ಕಾಣಿಸಿಕೊಂಡವು. ವಾಕ್ಯಗಳ ಧಾಟಿ ನೋಡಿದರೆ ಬಹುಪಾಲು ಫೋನಿಗೆ ಮಾತಿನಲ್ಲಿ ಹೇಳಿ ಹುಡುಕಿದವು. ಸಂಖ್ಯೆ ಸಣ್ಣದೇ, ಅವರ ಮಾತು ಅಷ್ಟರ ಮಟ್ಟಿಗೆ ನಿಜ. ಆದರೆ ಇಂಗ್ಲಿಷಿನಲ್ಲಿ ನಲವತ್ತು ಅಂಗಡಿಗಳ ನಡುವೆ ನಿಲ್ಲಬೇಕಾದ ನಾವು ಇಲ್ಲಿ ಬಹುತೇಕ ಒಬ್ಬರೇ ಇದ್ದೇವೆ. ಮಂಡ್ಯ, ಹಾಸನ, ತುಮಕೂರಿನಿಂದ ತೊಟ್ಟಿಲ ಶಾಸ್ತ್ರಕ್ಕೆ ಬರುವ ಆರ್ಡರ್‌ಗಳು ಈ ಪುಟಗಳಿಂದಲೇ ಬರುತ್ತಿವೆ. ತಾವು ಅಂದಾಜಿಸಿದ್ದು ತಪ್ಪಾಯಿತೆಂದು ಅವರು ಬರೆದು ಕಳುಹಿಸಿದ ಸಂದೇಶವನ್ನು ನಾನು ಅಳಿಸಿಲ್ಲ.

ಯಾರ ತಪ್ಪೂ ಅಲ್ಲದ ಒಂದು ತೊಡಕು ಈಗ ಎದುರಾಗಿದೆ. 2024ರ ಆಗಸ್ಟ್‌ನಿಂದ ಗೂಗಲ್ ಭಾರತದಲ್ಲಿಯೂ ಕೆಲವು ಹುಡುಕಾಟಗಳಿಗೆ ಎಐ ಬರೆದ ಉತ್ತರವನ್ನು ಎಲ್ಲಕ್ಕಿಂತ ಮೇಲೆ ತೋರಿಸುತ್ತಿದೆ. ಅರಗಿನ ಬಣ್ಣ ಸುರಕ್ಷಿತವೇ ಎಂಬ ಪ್ರಶ್ನೆಗೆ ನಮ್ಮ ಪುಟದಿಂದಲೇ ಎತ್ತಿಕೊಂಡ ಉತ್ತರ ಅಲ್ಲಿ ಕಾಣುತ್ತದೆ, ಓದಿದವರು ನಮ್ಮಲ್ಲಿಗೆ ಬಾರದೆ ಹೋಗುತ್ತಾರೆ. ಪುಟ ಕಾಣಿಸಿದ ಸಂಖ್ಯೆ ಏರುತ್ತಿದ್ದರೂ ಒತ್ತಿ ಒಳಬಂದವರ ಸಂಖ್ಯೆ ಅಲ್ಲೇ ನಿಂತಿದೆ. ಇದಕ್ಕೆ ತಮ್ಮ ಬಳಿ ಮದ್ದಿಲ್ಲವೆಂದೂ, ಬೆಲೆ, ದಾರಿ, ಆರ್ಡರ್ ಎಂಬಂಥ, ಅಂಗಡಿಗೆ ಬಂದೇ ತಿಳಿಯಬೇಕಾದ ವಿಷಯಗಳ ಪುಟಗಳಿಗೆ ಹೆಚ್ಚು ಗಮನ ಕೊಡೋಣವೆಂದೂ ತಜ್ಞರು ಹೇಳಿದ್ದಾರೆ. ಇದೇ ಹೊತ್ತಿನಲ್ಲಿ ನನಗೆ ಬರುತ್ತಿರುವ ಇಮೇಲ್‌ಗಳಲ್ಲಿ ಮೂರು ಕಂಪನಿಗಳು ಎಐ ಉತ್ತರದಲ್ಲಿ ನಿಮ್ಮ ಹೆಸರು ಬರುವುದು ಗ್ಯಾರಂಟಿ ಎನ್ನುತ್ತಿವೆ. ಒಕ್ಕಣೆ ಹಳೆಯದೇ, ಕೀವರ್ಡ್ ಇದ್ದ ಕಡೆ ಎಐ ಬಂದಿದೆ.

ಎಲ್ಲರೂ ತಜ್ಞರನ್ನು ನೇಮಿಸಿಕೊಳ್ಳಬೇಕೆಂದು ನಾನು ಹೇಳಲಾರೆ. ನಮ್ಮ ಬೀದಿಯ ಹೋಟೆಲಿನವರಿಗಾಗಲಿ ದರ್ಜಿಯವರಿಗಾಗಲಿ ವೆಬ್‌ಸೈಟ್ ಕೂಡ ಬೇಕಾಗಿಲ್ಲ. ಮ್ಯಾಪ್‌ನಲ್ಲಿ ಪಿನ್, ಬಾಗಿಲು ತೆರೆಯುವ ಹೊತ್ತು, ಫೋನು ಸಂಖ್ಯೆ, ನಾಲ್ಕು ಒಳ್ಳೆಯ ಫೋಟೊ ಸರಿಯಾಗಿದ್ದರೆ ಸಾಕು. ಅದನ್ನು ಮನೆಯ ಕಾಲೇಜು ಹುಡುಗರು ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು, ಗೂಗಲ್ ಇದಕ್ಕೆ ಕಾಸೂ ಕೇಳುವುದಿಲ್ಲ. ಊರಿನ ಹೊರಗಿನ ಗಿರಾಕಿಗಳನ್ನು ನೆಚ್ಚಿಕೊಂಡವರು, ಬಗೆಬಗೆಯ ಸರಕು ಇರುವವರು, ಸಗಟು ಆರ್ಡರ್ ಬಯಸುವವರು ಮಾತ್ರ ಈ ಖರ್ಚಿನ ಬಗ್ಗೆ ಯೋಚಿಸಲಿ. ನೇಮಿಸುವ ಮುನ್ನ ಅವರ ಹಳೆಯ ಗಿರಾಕಿಗಳಲ್ಲಿ ಈಗ ಅವರನ್ನು ಬಿಟ್ಟಿರುವ ಒಬ್ಬರೊಂದಿಗೆ ಮಾತನಾಡಿ. ಬಿಡುವಾಗ ಖಾತೆಗಳೆಲ್ಲ ಕೈಗೆ ಬಂದವೇ ಎಂದು ಕೇಳಿದರೆ ಅರ್ಧ ಚರಿತ್ರೆ ತಿಳಿಯುತ್ತದೆ. ನಾನು ಹಾಗೆ ಕೇಳಿದ್ದೆ. ಮೈಸೂರಿನ ಒಂದು ಅಗರಬತ್ತಿ ವ್ಯಾಪಾರಿಗಳು, ಬಿಟ್ಟದ್ದು ದುಡ್ಡಿನ ಅಡಚಣೆಯಿಂದ, ಖಾತೆಗಳೆಲ್ಲ ಮೊದಲಿನಿಂದ ನಮ್ಮ ಬಳಿಯೇ ಇದ್ದವು ಎಂದರು.

ಅಂಕ ಕೊಡಬೇಕೆಂದರೆ ಏಜೆನ್ಸಿಗೆ ಐದರಲ್ಲಿ ಒಂದು, ಅದೂ ಬಿಲ್ಲುಗಳು ಕ್ರಮಬದ್ಧವಾಗಿದ್ದವು ಎಂಬ ಕಾರಣಕ್ಕೆ. ಮೈಸೂರಿನ ತಜ್ಞರಿಗೆ ನಾಲ್ಕು. ಪುಟ ತಡವಾದ ಆ ಹದಿನೈದು ದಿನಗಳಿಗಾಗಿ ಒಂದನ್ನು ಹಿಡಿದಿಟ್ಟಿದ್ದೇನೆ. ಆರು ತಿಂಗಳ ಒಪ್ಪಂದ 2025ರ ಜನವರಿಗೆ ಮುಗಿದಿದೆ. ಈಗ ಮೂರು ತಿಂಗಳಿಗೊಮ್ಮೆ ಒಂದು ದಿನ ಬಂದು ನೋಡಿಕೊಂಡು ಹೋಗುತ್ತಾರೆ, ಅದಕ್ಕೆ ಆರು ಸಾವಿರ. ಉಳಿದ ದಿನಗಳಲ್ಲಿ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಸರ್ಚ್ ಕನ್ಸೋಲ್ ತೆರೆದು ನಾನೇ ನೋಡುತ್ತೇನೆ. ಹೋದ ವಾರ ಅಲ್ಲಿ ‘ಆಲೆ ಮರದ ಬುಗುರಿ’ ಎಂದು ಯಾರೋ ಹುಡುಕಿದ್ದು ಕಂಡಿತು. ಮಾವನವರಿಗೆ ತೋರಿಸಿದೆ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬುಗುರಿಯ ಪುಟಕ್ಕೆ ಮೊಳೆಯಿರುವುದು ಬೇರೆ, ಮೊಳೆಯಿಲ್ಲದ್ದು ಬೇರೆ ಎಂದು ಬರೆಯಲು ಹೇಳಿದ್ದಾರೆ. ಫೋಟೊ ಇನ್ನೂ ತೆಗೆಯಬೇಕು.